ಕೊಡಗಿನ ರಸ್ತೆಬದಿಯ ಸಣ್ಣಪುಟ್ಟ ನೋಟಗಳನ್ನು ಫೋಟೊ ತೆಗೆಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ರಾಜಾಸೀಟಿನ ಸೂರ್ಯಾಸ್ತ, ಅಬ್ಬಿ ಜಲಪಾತ, ಮಾಂದಲಪಟ್ಟಿಯ ಮಂಜು, ದುಬಾರೆಯ ಆನೆ. ಕೊಡಗಿಗೆ ಬಂದು ಹೋದವರ ಮೊಬೈಲುಗಳನ್ನು ಅದಲು ಬದಲು ಮಾಡಿ ಕೊಟ್ಟರೂ ಹಲವರಿಗೆ ಗೊತ್ತಾಗಲಿಕ್ಕಿಲ್ಲ. ಎಲ್ಲರ ಬಳಿಯೂ ಇರುವುದು ಅವೇ ನಾಲ್ಕು ಚಿತ್ರಗಳು. ಆ ಜಾಗಗಳು ಚೆನ್ನಾಗಿಲ್ಲ ಎಂದಲ್ಲ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕಾರಿನ ಕಿಟಕಿಯಾಚೆ ಜಾರಿಹೋಗುವ ರಸ್ತೆಬದಿ ಇದೆಯಲ್ಲ, ಊರಿನ ನಿಜವಾದ ಚಹರೆ ಇರುವುದು ಅಲ್ಲಿ. ಪಾಚಿ ಹಿಡಿದ ಬಸ್ ತಂಗುದಾಣ, ಸಿಲ್ವರ್ ಓಕ್ ಮರಕ್ಕೆ ಒರಗಿಸಿಟ್ಟ ಬಿದಿರಿನ ಏಣಿ, ಅಂಗಳದಲ್ಲಿ ಹರವಿದ ಕಾಫಿ, ಮರದ ಕೊಂಬೆಗೆ ಜೋತುಬಿದ್ದ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂಗೊಂಚಲು. ಇವುಗಳಿಗೆ ಟಿಕೆಟ್ ಇಲ್ಲ, ಸಾಲು ನಿಲ್ಲಬೇಕಿಲ್ಲ, ದುಬಾರಿ ಕ್ಯಾಮೆರಾವೂ ಬೇಕಿಲ್ಲ. ಬೇಕಾಗಿರುವುದು ಕಾರಿನಿಂದ ಇಳಿಯುವ ಮನಸ್ಸು, ಮತ್ತು ನೋಡಿದ ರಸ್ತೆಗೇ ಮತ್ತೆ ಮತ್ತೆ ಹೋಗುವ ಹಟ.

ಒಂದೇ ರಸ್ತೆ ಆರಿಸಿಕೊಳ್ಳಿ

ಜಿಲ್ಲೆಯನ್ನೆಲ್ಲ ಸುತ್ತುವ ಆಸೆಯನ್ನು ಮೊದಲು ಬಿಡಿ. ಮೂರು ಅಥವಾ ನಾಲ್ಕು ಕಿಲೋಮೀಟರ್ ಉದ್ದದ ಒಂದು ರಸ್ತೆಯ ತುಂಡು ಸಾಕು. ಕುಶಾಲನಗರ, ಮಡಿಕೇರಿ, ಸಂಪಾಜೆ ದಾಟಿ ಮಂಗಳೂರಿನ ಕಡೆಗೆ ಇಳಿಯುವ 275ನೇ ರಾಷ್ಟ್ರೀಯ ಹೆದ್ದಾರಿ ಈ ಕೆಲಸಕ್ಕೆ ಆಗದು. ಅಲ್ಲಿ ವಾಹನಗಳ ಓಟವೂ ಹೆಚ್ಚು, ನಿಂತು ನೋಡಲು ಅಂಚೂ ಕಡಿಮೆ. ಗುರುತು ಹಿಡಿಯುವುದು ಸುಲಭ: ಮೈಲಿಗಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಇವೆರಡನ್ನೂ ಬಿಟ್ಟು ಒಳಗೆ ಕವಲೊಡೆಯುವ ಊರ ರಸ್ತೆಗಳನ್ನು ಹಿಡಿಯಿರಿ.

ಯಾವ ಭಾಗ ಎಂಬುದೂ ಮುಖ್ಯ. ನಾಪೋಕ್ಲುವಿನಿಂದ ಕಕ್ಕಬ್ಬೆಯ ಕಡೆಗೆ ಹೋದರೆ ಮಳೆ ಜಾಸ್ತಿ; ಕಲ್ಲು, ಮರ, ಗೋಡೆ ಎಲ್ಲದರ ಮೇಲೂ ಹಸಿರು ಹತ್ತಿರುತ್ತದೆ. ಸುಂಟಿಕೊಪ್ಪದಿಂದ ಮಾದಾಪುರದ ದಾರಿಯಲ್ಲಿ ದೊಡ್ಡ ಕಾಫಿ ತೋಟಗಳು, ಹಳೆಯ ಗೇಟುಗಳು. ಶನಿವಾರಸಂತೆ, ಕೊಡ್ಲಿಪೇಟೆಯ ಕಡೆ ನೆಲ ಬಿಚ್ಚಿಕೊಳ್ಳುತ್ತದೆ, ಮಳೆ ಕಡಿಮೆ, ಗದ್ದೆ ಹೊಲಗಳು ಹೆಚ್ಚು, ಬೆಳಕು ನೇರವಾಗಿ ಬೀಳುತ್ತದೆ. ಶ್ರೀಮಂಗಲ, ಕುಟ್ಟದ ಕಡೆಗೆ ಇಳಿದರೆ ಅಂಗಡಿ ಬೋರ್ಡುಗಳಲ್ಲಿ ಮಲಯಾಳಂ ಕಾಣಿಸಿಕೊಳ್ಳಲು ತೊಡಗುತ್ತದೆ. ಎಲ್ಲವನ್ನೂ ಒಂದೇ ಕೊಡಗು ಎಂದುಕೊಂಡು ಹೊರಟರೆ ಚಿತ್ರಗಳೂ ಒಂದೇ ತರಹ ಬರುತ್ತವೆ.

ಮೊದಲ ಸಲ ಕ್ಯಾಮೆರಾ ಮುಟ್ಟದೆ ಬರೀ ನೋಡಿ ಬನ್ನಿ ಎಂದು ಬೋಧಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಮೊದಲ ಸಲ ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಟಿಪ್ಪಣಿ ಬರೆದ ಹಾಗೆ ಹೊಡೆದುಕೊಳ್ಳಿ, ಚೆಂದದ ಗೊಡವೆ ಬೇಡ. ಸಂಜೆ ಮನೆಯಲ್ಲಿ ಕುಳಿತು ನೋಡಿದಾಗ ಯಾವುದರ ಮೇಲೆ ಕಣ್ಣು ಮತ್ತೆ ಮತ್ತೆ ಹೋಗುತ್ತದೆಯೋ ಅಂಥ ಐದಾರನ್ನು ಗುರುತು ಹಾಕಿ. ಎರಡನೆಯ ಸಲ ಹೋಗುವುದು ಅವುಗಳಿಗಾಗಿ. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ ನಡೆಯಿರಿ. ತಂಗುದಾಣದ ಹಿಂಗೋಡೆಯೂ ಬೋರ್ಡಿನ ಬೆನ್ನೂ ಹಿಂದಿರುಗುವಾಗಲೇ ಕಾಣುವುದು.

ಆನೆ, ತಿರುವು, ಜಿಗಣೆ

ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಸುತ್ತಮುತ್ತ ಆನೆಗಳು ಕಾಡಿನಲ್ಲಷ್ಟೇ ಇಲ್ಲ, ಕಾಫಿ ತೋಟದೊಳಗೂ ಇವೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಮನೆಯಂಗಳಕ್ಕೇ ಬರುತ್ತವೆ. ಹಾಗಾಗಿ ನಡೆಯಲು ಶುರುಮಾಡುವ ಮುಂಚೆ ಹತ್ತಿರದ ಚಹಾದ ಅಂಗಡಿಯಲ್ಲಿ ವಿಚಾರಿಸಿ. ರಾತ್ರಿ ಯಾವ ತೋಟದಲ್ಲಿತ್ತು, ಬೆಳಿಗ್ಗೆ ಎಲ್ಲಿ ದಾಟಿತು ಎಂಬುದು ಅಲ್ಲಿ ಕುಳಿತವರಿಗೆ ತಿಳಿದಿರುತ್ತದೆ. ಹಸಿ ಲದ್ದಿ, ಹೊಸದಾಗಿ ಮುರಿದ ಕೊಂಬೆ ಕಂಡರೆ ಚಿತ್ರ ತೆಗೆಯುತ್ತ ನಿಲ್ಲಬೇಡಿ, ಹಿಂದಿರುಗಿ. ನಸುಕಿನಲ್ಲಿ ಮತ್ತು ಕತ್ತಲಾಗುವ ಹೊತ್ತಿನಲ್ಲಿ ಈ ಭಾಗದಲ್ಲಿ ಒಬ್ಬರೇ ಕಾಲ್ನಡಿಗೆಯಲ್ಲಿ ಹೋಗುವುದು ಬೇಡವೇ ಬೇಡ. ನಾಗರಹೊಳೆಯ ಕಾಡಿನೊಳಗಿನ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಇಳಿಯುವುದು ನಿಷಿದ್ಧ. ಅದನ್ನು ಈ ಪಟ್ಟಿಯಿಂದಲೇ ಕೈಬಿಡಿ.

ಕಾರನ್ನು ತಿರುವಿನಲ್ಲಿ ನಿಲ್ಲಿಸಬೇಡಿ. ತಿರುವಿನ ಆಚೆಯಿಂದ ಬರುವ ಬಸ್ಸಿನ ಚಾಲಕನಿಗೆ ನಿಮ್ಮ ಕಲಾಭಿರುಚಿ ಕಾಣುವುದಿಲ್ಲ. ಮಳೆಗಾಲದಲ್ಲಿ ಡಾಂಬರು ಬಿಟ್ಟು ಚಕ್ರ ಇಳಿಸುವ ಮುಂಚೆ ಹುಲ್ಲಿನ ಕೆಳಗೆ ಚರಂಡಿ ಇದೆಯೇ ಎಂದು ಕಾಲಿನಿಂದ ಒತ್ತಿ ನೋಡಿ. ಜಿಗಣೆಗೆ ಉದ್ದ ಕಾಲುಚೀಲ, ಸ್ವಲ್ಪ ಉಪ್ಪು. ಅಷ್ಟು ಸಾಕು.

ಹತ್ತು ಹೆಜ್ಜೆ, ಎರಡು ಹೆಜ್ಜೆ, ಒಂದು ಗೇಣು

ಇಡೀ ಬರಹದಲ್ಲಿ ಒಂದೇ ಒಂದು ಕ್ರಮವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಂಡ ಪ್ರತಿಯೊಂದನ್ನೂ ಮೂರು ದೂರದಿಂದ ತೆಗೆಯಿರಿ. ಹತ್ತು ಹೆಜ್ಜೆ ಆಚೆಯಿಂದ ತೆಗೆದ ಚಿತ್ರ ಅದು ಎಲ್ಲಿದೆ ಎಂಬುದನ್ನು ಹೇಳುತ್ತದೆ. ಎರಡು ಹೆಜ್ಜೆಯ ಚಿತ್ರ ಅದು ಏನು ಎಂಬುದನ್ನು ಹೇಳುತ್ತದೆ. ಒಂದು ಗೇಣಿನ ಚಿತ್ರದಲ್ಲಿ ಅದನ್ನು ಯಾರು ಬಳಸಿದರು, ಎಷ್ಟು ಮಳೆ ಕಂಡಿದೆ ಎಂಬುದೆಲ್ಲ ಹೊರಬರುತ್ತದೆ.

ಹಳ್ಳಿಯ ಬಸ್ ತಂಗುದಾಣವನ್ನೇ ನೋಡೋಣ. ಕೊಡಗಿನಲ್ಲಿ ಇವುಗಳಲ್ಲಿ ಅನೇಕವನ್ನು ಕಟ್ಟಿಸಿದ್ದು ಯಾವುದೋ ಮನೆಯವರು, ತೀರಿಕೊಂಡ ಹಿರಿಯರ ನೆನಪಿಗಾಗಿ. ಗೋಡೆಯಲ್ಲಿ ಕಲ್ಲಿನ ಫಲಕ, ಅದರಲ್ಲಿ ಹೆಸರು, ಇಸವಿ. ಹತ್ತು ಹೆಜ್ಜೆಯಿಂದ ತೆಗೆಯುವಾಗ ರಸ್ತೆಯ ಬಾಗು, ಹಿಂದಿನ ತೋಟದ ಮರಗಳು, ತಂಗುದಾಣದ ಚಿಕ್ಕತನ ಮೂರೂ ಬರಲಿ. ಎರಡು ಹೆಜ್ಜೆಗೆ ಬಂದಾಗ ಕ್ಯಾಮೆರಾವನ್ನು ಕುಳಿತವರ ಕಣ್ಣಿನ ಮಟ್ಟಕ್ಕೆ ಇಳಿಸಿ, ಗೋಡೆಯ ಗೆರೆಗಳು ವಾಲದಂತೆ ಎದುರಿಗೆ ನಿಂತು ತೆಗೆಯಿರಿ. ಕೊನೆಗೆ ಒಂದು ಗೇಣು: ಸಿಮೆಂಟಿನ ಜಗಲಿಯ ಅಂಚನ್ನು ನೋಡಿ. ಕುಳಿತವರ ಬಟ್ಟೆ ಉಜ್ಜಿ ಉಜ್ಜಿ ಅಲ್ಲಿ ಮಾತ್ರ ನುಣುಪು ಬಂದಿದೆ, ಅದರ ಆಚೀಚೆ ಪಾಚಿ ಕಪ್ಪಾಗಿ ಉಳಿದಿದೆ. ಗೋಡೆಯಲ್ಲಿ ಮೊಳೆಯಿಂದ ಗೀಚಿದ ಹೆಸರುಗಳು, ಹಳೆಯ ಚುನಾವಣೆಯ ಪೋಸ್ಟರಿನ ಮೂಲೆ, ಹರಿದ ಪೋಸ್ಟರಿನಡಿ ಇನ್ನೊಂದು ಪೋಸ್ಟರು. ಅಡ್ಡ ಬೆಳಕು ಬೀಳುವಾಗ, ಎಂದರೆ ಸೂರ್ಯ ಗೋಡೆಗೆ ಓರೆಯಾಗಿರುವಾಗ, ಗೀಚಿದ ಗೆರೆಗಳು ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಅದೇ ಗೋಡೆ ಸಪ್ಪೆ.

ಬಿದಿರಿನ ಏಣಿಗೂ ಇದೇ ಕ್ರಮ. ಕಾಳುಮೆಣಸು ಕುಯ್ಯಲು ಬಳಸುವುದು ಒಂಟಿ ಬಿದಿರು. ಗಿಣ್ಣಿನ ಬಳಿ ಕೊಂಬೆಯ ಮೋಟನ್ನು ಉಳಿಸಿಕೊಂಡಿರುತ್ತಾರೆ, ಅದೇ ಮೆಟ್ಟಿಲು. ಇಡೀ ಏಣಿಯನ್ನು ಚೌಕಟ್ಟಿಗೆ ತುರುಕಲು ಹೋದರೆ ಕೋಲೊಂದು ಮರಕ್ಕೆ ಒರಗಿದೆ ಎಂದಷ್ಟೇ ಕಾಣುತ್ತದೆ. ಹತ್ತಿರ ಹೋಗಿ ಕಾಲಿಟ್ಟು ಸವೆದ ಒಂದು ಮೋಟಿನ ಮೇಲೆ ಫೋಕಸ್ ಮಾಡಿ. ಅಲ್ಯೂಮಿನಿಯಂ ಏಣಿಗಳು ಬರುತ್ತಿರುವುದರಿಂದ ಇದನ್ನು ಈಗಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಮಂಗಳೂರು ಹೆಂಚನ್ನು ಮಾಡಿನ ಮೇಲೆ ನೋಡುವುದಕ್ಕಿಂತ ಕೆಳಗೆ ಪೇರಿಸಿಟ್ಟಾಗ ನೋಡುವುದೇ ಚೆಂದ. ಹಳೆಯ ಮನೆ ಬಿಚ್ಚಿದ ಕಡೆ ರಸ್ತೆಬದಿಯಲ್ಲಿ ರಾಶಿ ಇರುತ್ತದೆ. ತಿರುಗಿಸಿದರೆ ಕಾರ್ಖಾನೆಯ ಮುದ್ರೆ, ಕೆಲವದರಲ್ಲಿ ಚಿಹ್ನೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದರ ಬೆನ್ನಿಗೆ ಹತ್ತಾರು ಕಾರ್ಖಾನೆಗಳು ಹುಟ್ಟಿಕೊಂಡವು. ಆ ಮುದ್ರೆಗಳನ್ನಷ್ಟೇ ಒಂದು ಸರಣಿಯಾಗಿ ತೆಗೆಯಬಹುದು. ಅಕ್ಷರ ಓದುವಂತಿರಬೇಕಾದರೆ ಹೆಂಚಿನ ಮೇಲಿನ ಮಣ್ಣನ್ನು ಒಣಬಟ್ಟೆಯಿಂದ ಒರೆಸಿ, ನೀರು ಹಾಕಬೇಡಿ; ಒದ್ದೆಯಾದರೆ ಅಕ್ಷರದ ಉಬ್ಬು ಮುಚ್ಚಿಹೋಗುತ್ತದೆ.

2018ರ ಆಗಸ್ಟಿನ ಭೂಕುಸಿತದ ನಂತರ ಕಟ್ಟಿದ ತಡೆಗೋಡೆಗಳನ್ನೂ ಗಮನಿಸಿ, ಮುಖ್ಯವಾಗಿ ಮಡಿಕೇರಿಯಿಂದ ಮಕ್ಕಂದೂರು, ಮಾದಾಪುರದ ಕಡೆ. ತಂತಿಬಲೆಯೊಳಗೆ ಕಲ್ಲು ತುಂಬಿ ಕಟ್ಟಿದ ಗೋಡೆಗಳಲ್ಲಿ ಜರಿಗಿಡ ಬೇರೂರುತ್ತದೆ. ಅದು ಚಿತ್ರ. ಪಾಳುಬಿದ್ದ ಮನೆಯ ಎದುರು ನಿಂತು ಸೆಲ್ಫಿ ತೆಗೆದುಕೊಳ್ಳುವುದು ಚಿತ್ರವಲ್ಲ. ಆ ಮನೆಯವರು ಇನ್ನೂ ಅದೇ ತಾಲ್ಲೂಕಿನಲ್ಲಿದ್ದಾರೆ.

ಅದೇ ರಸ್ತೆ, ಬೇರೆ ತಿಂಗಳು

ಒಂದೇ ರಸ್ತೆ ಎಂದು ಹಟ ಹಿಡಿದದ್ದರ ಲಾಭ ಸಿಗುವುದು ಇಲ್ಲಿ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದರೆ, ಅಥವಾ ಸ್ಪ್ರಿಂಕ್ಲರಿನಲ್ಲಿ ನೀರು ಹಾಯಿಸಿದರೆ, ಎಂಟು ಒಂಬತ್ತು ದಿನಕ್ಕೆ ರೊಬಸ್ಟಾ ಕಾಫಿ ಅರಳುತ್ತದೆ. ಹೂವು ತಾಜಾ ಆಗಿರುವುದು ಎರಡು ಮೂರು ದಿನ ಮಾತ್ರ. ಆಮೇಲೆ ಕಂದುಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಮಳೆ ಬಿದ್ದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ದಿನ ಎಣಿಸಿ. ಪಕ್ಕದ ತೋಟದಲ್ಲಿ ಮೂರು ನಾಲ್ಕು ದಿನ ಮುಂಚೆ ಮಳೆಯಾಗಿದ್ದರೆ ಅಲ್ಲಿ ಹೂವು ಮುಗಿದು ಇಲ್ಲಿ ಈಗಷ್ಟೇ ಬಿರಿಯುತ್ತಿರುತ್ತದೆ. ಬೇಲಿಯ ಎರಡು ಬದಿ ಎರಡು ಬಣ್ಣ. ಈ ಚಿತ್ರವನ್ನು ಪ್ರವಾಸಿಗರು ತೆಗೆಯುವುದು ಕಡಿಮೆ, ಏಕೆಂದರೆ ಅವರೆಲ್ಲ ಒಂದು ಹೂಗೊಂಚಲಿಗೆ ಮೂಗು ತಾಗಿಸಿ ನಿಂತಿರುತ್ತಾರೆ.

ಮೇ, ಜೂನ್ ಹೊತ್ತಿಗೆ ರಸ್ತೆಬದಿಯ ಹಳೆಯ ಮರಗಳಲ್ಲಿ ಸೀತಾಳೆ ದಂಡೆ. ಆಗಸ್ಟ್ 3ರ ಆಸುಪಾಸು ಕಕ್ಕಡ ಹದಿನೆಂಟು, ಎಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಬೇಲಿಯಂಚಿನಲ್ಲಿ ವರ್ಷವಿಡೀ ಯಾರೂ ತಿರುಗಿ ನೋಡದ ಮದ್ದು ಸೊಪ್ಪಿಗೆ ಆ ದಿನಗಳಲ್ಲಿ ಎಲ್ಲಿಲ್ಲದ ಮರ್ಯಾದೆ. ಕಟ್ಟು ಕಟ್ಟಿ ಪೇಟೆಯಲ್ಲಿ ಮಾರುತ್ತಾರೆ. ಸೊಪ್ಪು ಕೊಯ್ದ ಬೆರಳು, ಕುದಿಸಿದ ನೀರಿನ ಕಡು ನೇರಳೆ ಬಣ್ಣ ಎರಡನ್ನೂ ಬಿಡಬೇಡಿ. ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ. ಎಲ್ಲರೂ ತಲಕಾವೇರಿಯ ಕಡೆಗೆ ಹೋಗುವಾಗ ನೀವು ಗದ್ದೆಗಳ ಕಡೆ ನೋಡಿ: ಪೈರಿನ ನಡುವೆ ಬಳ್ಳಿ ಸುತ್ತಿದ ಕೋಲು ನೆಟ್ಟಿರುತ್ತಾರೆ, ಬೊತ್ತು ಎಂದು ಅದರ ಹೆಸರು. ನವೆಂಬರ್, ಡಿಸೆಂಬರ್‌ನಲ್ಲಿ ಸುಗ್ಗಿಯ ಹಬ್ಬ ಪುತ್ತರಿ ಮುಗಿದ ಮೇಲೆ ಬಾಗಿಲುಗಳಿಗೆ ಕಟ್ಟಿದ ಹೊಸ ಕದಿರು ಹಾಗೆಯೇ ಉಳಿದು ಒಣಗುತ್ತದೆ. ಹಬ್ಬದ ರಾತ್ರಿಯ ಚಿತ್ರಕ್ಕಿಂತ ತಿಂಗಳು ಕಳೆದ ಆ ಒಣಕದಿರಿನ ಚಿತ್ರ ನನಗಿಷ್ಟ.

ಆಮೇಲೆ ಕಣಗಳ ಕಾಲ. ಅರೇಬಿಕಾ ಮೊದಲು, ಜನವರಿಯಿಂದ ರೊಬಸ್ಟಾ. ಕುಯ್ದ ಹಣ್ಣು ಕಣದಲ್ಲಿ ಕೆಂಪಿನಿಂದ ಕಂದಾಗಿ, ಕಂದಿನಿಂದ ಕಪ್ಪಾಗಿ ಒಣಗುತ್ತ, ಬೆಳೆಗಾರರು ಚೆರ್ರಿ ಎನ್ನುವ ಒಣಕಾಫಿ ಆಗುತ್ತದೆ. ಒಂದೇ ಅಂಗಳದಲ್ಲಿ ಬೇರೆ ಬೇರೆ ದಿನ ಹರವಿದ ಪಟ್ಟೆಗಳು ಅಕ್ಕಪಕ್ಕ ಇರುತ್ತವೆ. ಬೆಳಿಗ್ಗೆ ಕಾಲಿನಿಂದಲೋ ಹಲಗೆಯಿಂದಲೋ ಸಾಲು ಎಳೆಯುವಾಗ ಮೂಡುವ ಗೆರೆಗಳು ಓರೆಬಿಸಿಲಿನಲ್ಲಿ ಎದ್ದು ಕಾಣುತ್ತವೆ. ಹತ್ತು ಗಂಟೆಯ ಮೇಲೆ ಆ ನೆರಳು ಇರುವುದಿಲ್ಲ. ಕಣದೊಳಕ್ಕೆ ಚಪ್ಪಲಿ ಹಾಕಿಕೊಂಡು ಕಾಲಿಡಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ ತಾನೆ.

ಕ್ಯಾಮೆರಾಕ್ಕೆ ಏನು ಹೇಳಬೇಕು

ಕೊಡಗಿನ ಬೆಳಕು ಕ್ಯಾಮೆರಾದ ಲೆಕ್ಕಾಚಾರವನ್ನು ನಾಲ್ಕು ಕಡೆ ತಪ್ಪಿಸುತ್ತದೆ. ಮಂಜು ಮೊದಲನೆಯದು. ಬಿಳಿ ಮಂಜನ್ನು ಕಂಡ ಕ್ಯಾಮೆರಾ ಬೆಳಕು ಜಾಸ್ತಿಯಾಯಿತೆಂದು ತಿಳಿದು ಚಿತ್ರವನ್ನು ಕಪ್ಪಾಗಿಸುತ್ತದೆ. ಮಂಜು ಕೊಳಕು ಬೂದಿಬಣ್ಣಕ್ಕೆ ಬರುತ್ತದೆ. ಎಕ್ಸ್‌ಪೋಶರನ್ನು, ಎಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪ್ ಹೆಚ್ಚಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಮೊಬೈಲಿನಲ್ಲಾದರೆ ಪರದೆಯ ಮೇಲೆ ಒತ್ತಿದಾಗ ಕಾಣುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ.

ಎರಡನೆಯದು ಕಾಫಿ ಹೂವು. ಕಡು ಹಸಿರಿನ ನಡುವೆ ಬಿಳಿ ಎಂದರೆ ತದ್ವಿರುದ್ಧ ತೊಂದರೆ: ಎಸಳು ಸುಣ್ಣ ಬಳಿದಂತೆ ಬೆಳ್ಳಗಾಗಿ ವಿವರವೆಲ್ಲ ಅಳಿಸಿಹೋಗುತ್ತದೆ. ಅರ್ಧ ಸ್ಟಾಪ್ ಇಳಿಸಿ, ಮೋಡ ಕವಿದ ಹೊತ್ತಿಗೆ ಕಾಯಿರಿ. ಮೂರನೆಯದು ತೋಟದ ನೆರಳು. ಎಲೆಗಳ ಮೂಲಕ ಸೋಸಿ ಬಂದ ಬೆಳಕಿನಲ್ಲಿ ಮನುಷ್ಯರ ಮುಖವೂ ಹಸಿರಾಗುತ್ತದೆ, ಅದಕ್ಕೆ ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಸ್ವಲ್ಪ ಗುಲಾಬಿಯ ಕಡೆಗೆ ಸರಿಸಬೇಕು. ಸಾಧ್ಯವಿದ್ದರೆ ಕ್ಯಾಮೆರಾ ತಿದ್ದದೆ ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ, ಮನೆಯಲ್ಲಿ ಸರಿಪಡಿಸುವುದು ಸುಲಭ. ನಾಲ್ಕನೆಯದು ಕೆಮ್ಮಣ್ಣಿನ ದರೆ. ಆಟೊದಲ್ಲಿ ಬಿಟ್ಟರೆ ಒಂದು ಚಿತ್ರದಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಕಂದು. ಬಿಸಿಲಿನ ವೈಟ್ ಬ್ಯಾಲೆನ್ಸಿಗೆ ಕಟ್ಟಿಹಾಕಿ.

ಒದ್ದೆ ಎಲೆಯ ಹೊಳಪು ಕಣ್ಣಿಗೆ ಚೆಂದ, ಚಿತ್ರದಲ್ಲಿ ಬರೀ ಬಿಳಿ ಚುಕ್ಕೆ. ಪೋಲರೈಸರ್ ಫಿಲ್ಟರ್ ಇದ್ದರೆ ತಿರುಗಿಸಿ ಹೊಳಪನ್ನು ತಗ್ಗಿಸಬಹುದು. ಇಲ್ಲದಿದ್ದರೆ ನೀವೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಅರ್ಧ ಕೆಲಸ ಆಗುತ್ತದೆ.

ಹತ್ತಿರದ ಚಿತ್ರಕ್ಕೆ ಮೊಬೈಲಿನ ಮ್ಯಾಕ್ರೊ ಬಳಸುವವರಿಗೆ ಒಂದು ಮಾತು. ಕೆಲವು ಫೋನುಗಳಲ್ಲಿ ಅದು ಅಗಲದ ಲೆನ್ಸಿನಿಂದ ತೆಗೆಯುವುದರಿಂದ ವಸ್ತುವಿಗೆ ತೀರಾ ಹತ್ತಿರ ಹೋಗಬೇಕು, ಆಗ ಫೋನಿನ ನೆರಳೇ ಅದರ ಮೇಲೆ ಬೀಳುತ್ತದೆ. ಎರಡು ಪಟ್ಟು ಜೂಮ್ ಇಟ್ಟು ಸ್ವಲ್ಪ ಹಿಂದೆ ಸರಿಯುವುದು ಎಷ್ಟೋ ವಾಸಿ. ಬೆರಳನ್ನು ಒತ್ತಿ ಹಿಡಿದು ಫೋಕಸ್ ಬಂಧಿಸಿ, ಉಸಿರು ಬಿಟ್ಟು ನಿಂತು, ಮೂರು ನಾಲ್ಕು ಸಲ ತೆಗೆಯಿರಿ. ಕ್ಯಾಮೆರಾ ಇದ್ದವರು ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್ 8ರ ಸುತ್ತ ಇಟ್ಟುಕೊಳ್ಳಲಿ, ಎಫ್ 1.8ಕ್ಕೆ ತೆರೆದು ಹಿನ್ನೆಲೆಯನ್ನೆಲ್ಲ ಕರಗಿಸಿಬಿಟ್ಟರೆ ಆ ಪಾಚಿ ಕಕ್ಕಬ್ಬೆಯದೋ ಕಬ್ಬನ್ ಪಾರ್ಕಿನದೋ ಹೇಳುವವರಿಲ್ಲ.

ಮಳೆಗಾಲದಲ್ಲಿ ಉಪಕರಣ

ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಹಿಡಿದೇ ಚಿತ್ರ ತೆಗೆಯುವುದನ್ನು ರೂಢಿಸಿಕೊಳ್ಳಬೇಕು. ಕೊಡೆಯ ಹಿಡಿಯನ್ನು ಕತ್ತು ಮತ್ತು ಹೆಗಲಿನ ನಡುವೆ ಸಿಕ್ಕಿಸಿ ಎರಡೂ ಕೈ ಬಿಡುವು ಮಾಡಿಕೊಳ್ಳಿ. ಹಳೆಯ ಹತ್ತಿಯ ಪಂಚೆಯ ತುಂಡಿನಷ್ಟು ಚೆನ್ನಾಗಿ ನೀರು ಹೀರುವ ಬಟ್ಟೆ ಇನ್ನೊಂದಿಲ್ಲ, ಎರಡು ಮೂರು ತುಂಡು ಜೇಬಿನಲ್ಲಿರಲಿ. ಕಾರಿನ ಎಸಿಯಿಂದ ನೇರವಾಗಿ ಹೊರಗೆ ತೆಗೆದರೆ ಲೆನ್ಸಿನ ಮೇಲೆ ಆವಿ ಕೂರುತ್ತದೆ. ಹತ್ತು ಹದಿನೈದು ನಿಮಿಷ ಚೀಲದಲ್ಲೇ ಹೊರಗಿನ ಹವೆಗೆ ಒಗ್ಗಲು ಬಿಡಿ. ನಿಜವಾದ ಶತ್ರು ಮಳೆಯಲ್ಲ, ಬೂಷ್ಟು. ಮಳೆಗಾಲವಿಡೀ ಚರ್ಮದ ಚೀಲದಲ್ಲಿಟ್ಟ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣಗಳು. ಬಣ್ಣ ಬದಲಿಸುವ ಜಾತಿಯದಾದರೆ ಯಾವಾಗ ಒಣಗಿಸಬೇಕೆಂದು ತಿಳಿಯುತ್ತದೆ.

ಕೇಳಿ ತೆಗೆಯಿರಿ

ರಸ್ತೆ ಸರ್ಕಾರದ್ದು, ಬೇಲಿಯ ಆಚೆಯದು ಯಾರದ್ದೋ ತೋಟ. ಗೇಟು ತೆರೆದಿದೆ ಎಂದು ಒಳಗೆ ನುಗ್ಗಬೇಡಿ. ಮಾಲೀಕರು ಇಲ್ಲದಿದ್ದರೆ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಇರುತ್ತಾರೆ, ಅವರನ್ನು ಕೇಳಿ. "ಏಣಿಯದ್ದು ಫೋಟೊ ಎಂತಕ್ಕೆ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ತೆಗೆದದ್ದನ್ನು ಅಲ್ಲೇ ತೋರಿಸಿ. ಬಹಳ ಸಲ ಅವರೇ ಇದಕ್ಕಿಂತ ಹಳೆಯದು ಶೆಡ್ಡಿನ ಹಿಂದಿದೆ ಎಂದು ಕರೆದೊಯ್ಯುತ್ತಾರೆ.

ತೋಟದ ಕಾರ್ಮಿಕರು ಇರುವ ಲೈನ್ ಮನೆಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಒಣಗಿಸಿದ ಬಟ್ಟೆಯ ಬಣ್ಣ ಚೆಂದ ಎಂದು ರಸ್ತೆಯಿಂದಲೇ ಜೂಮ್ ಹಾಕುವುದು ಸುಲಭ, ಆದರೆ ಅದು ಇನ್ನೊಬ್ಬರ ಮನೆ. ಅದಕ್ಕೆ ತೋಟದ ಮಾಲೀಕರ ಒಪ್ಪಿಗೆ ಸಾಲದು, ಅಲ್ಲಿ ವಾಸಿಸುವವರದೇ ಒಪ್ಪಿಗೆ ಬೇಕು. ಮಕ್ಕಳ ಮುಖ ತೆಗೆಯದಿರುವುದು ಲೇಸು.

ಕೊಡವ ಮನೆತನದ ಮೂಲಮನೆಯಾದ ಐನ್‌ಮನೆಗೆ ಹೋಗುವ ಓಣಿಯ ಬಾಯಲ್ಲಿ ನಿಂತು ಓಣಿಯ ಚಿತ್ರ ತೆಗೆಯಲು ಯಾರೂ ಬೇಡವೆನ್ನರು, ಹಿರಿಯರ ಗುಡಿಯಾದ ಕೈಮಡದ ಹತ್ತಿರ ಹೋಗಬೇಕಾದರೆ ಆ ಒಕ್ಕದ (ಮನೆತನದ) ಹಿರಿಯರನ್ನು ಕೇಳಲೇಬೇಕು. ಅವರ ಸ್ಮಶಾನವಾದ ತೂಟಂಗಳವನ್ನು ಬಿಟ್ಟುಬಿಡಿ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಅನೇಕವು ರಸ್ತೆಗೆ ತಾಗಿಕೊಂಡೇ ಇವೆ. ಒಂದೊಂದಕ್ಕೂ ಅದರದೇ ಕಟ್ಟುಪಾಡು. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಸಾಲಾಗಿ ಕುಳಿತಿರುವುದನ್ನು ಕಂಡಾಗ ಕೈ ತಡೆಯುವುದು ಕಷ್ಟ. ಊರಿನ ಮುಖ್ಯಸ್ಥರಾದ ತಕ್ಕರನ್ನು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಹೋಗಿ. ಚೌಕಟ್ಟು ಚೆಂದವಾಗಲೆಂದು ಒಂದು ನಾಯಿಯನ್ನೂ ಅತ್ತಿತ್ತ ಸರಿಸಬೇಡಿ, ಒಣಗಿದ ಎಲೆಯನ್ನೂ ತೆಗೆಯಬೇಡಿ.

ಹೆಸರು, ಊರು, ದಿನಾಂಕ

ಮನೆಗೆ ಬಂದ ದಿನವೇ ಆರಿಸಿ. ಮೂರು ದೂರದ ಕ್ರಮದಲ್ಲಿ ತೆಗೆದಿದ್ದರೆ ಒಂದೊಂದು ವಸ್ತುವಿಗೂ ಮೂರು ಚಿತ್ರ ಉಳಿದರೆ ಸಾಕು, ಉಳಿದದ್ದನ್ನು ಅಳಿಸಿ. ಪ್ರತಿ ಚಿತ್ರಕ್ಕೂ ವಸ್ತುವಿನ ಹೆಸರು, ಊರು, ದಿನಾಂಕ ಬರೆಯಿರಿ. ಅಲ್ಲಿಯವರು ಆ ವಸ್ತುವನ್ನು ಏನೆಂದು ಕರೆದರೋ ಅದೇ ಹೆಸರು ಇರಲಿ. ಕೊಡವ ತಕ್ಕಿನಲ್ಲಿ ಒಂದು, ಅರೆಭಾಷೆಯಲ್ಲಿ ಇನ್ನೊಂದು ಹೆಸರಿದ್ದರೆ ಎರಡನ್ನೂ ಬರೆಯಿರಿ. ಹಳೆಯ ಗೋಡೆ ಬರಹ, ಅಂಗಡಿಯ ಬೋರ್ಡುಗಳನ್ನು ರಸ್ತೆ ಅಗಲ ಮಾಡುವಾಗ ಯಾರೂ ಉಳಿಸಿಕೊಳ್ಳುವುದಿಲ್ಲ. ಆಗ ಈ ಮೂರು ಮಾಹಿತಿ ಇಲ್ಲದ ಚಿತ್ರದಿಂದ ಯಾರಿಗೂ ಪ್ರಯೋಜನವಿಲ್ಲ. ಫೈಲುಗಳು ಎರಡು ಕಡೆ ಇರಲಿ, ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಎಲ್ಲಾದರೂ.

ಹಂಚಿಕೊಳ್ಳುವಾಗ ಮಾತ್ರ ಜಾಗದ ವಿವರವನ್ನು ಅಳೆದು ತೂಗಿ ಕೊಡಿ. ತಂಗುದಾಣ, ಮೈಲಿಗಲ್ಲು, ಕಣಗಳಿಗೆ ಊರಿನ ಹೆಸರು ಹಾಕಬಹುದು. ವೀರಗಲ್ಲು, ಹರಕೆಯ ಮಣ್ಣಿನ ನಾಯಿ, ಸೀತಾಳೆ ದಂಡೆ ಇರುವ ಮರ ಇಂಥವಕ್ಕೆ ತಾಲ್ಲೂಕಿನ ಹೆಸರು ಸಾಕು. ಕಳ್ಳರೂ ಗಿಡ ಕೀಳುವವರೂ ಇದೇ ಚಿತ್ರಗಳನ್ನು ನೋಡುತ್ತಾರೆ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ಗುರುತು ತಾನಾಗಿಯೇ ಸೇರಿಕೊಂಡಿರುತ್ತದೆ. ದೇವರಕಾಡಿಗೆ ಹೋಗುವ ಮುಂಚೆ ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಕೊಳ್ಳಿ.